ಅರವತ್ತರ ಹೊಸ್ತಿಲಲ್ಲಿರುವ ತಾಯಂದಿರು: ಆರೋಗ್ಯ ಮತ್ತು ಹಕ್ಕು



ಆಸ್ಪತ್ರೆಯ ಒಂದು ಮಂಚದ ಬಳಿ ಎಷ್ಟೋ ಸಲ ಇಬ್ಬರು ರೋಗಿಗಳಿರುತ್ತಾರೆ. ಒಬ್ಬರು ಮಂಚದ ಮೇಲೆ ಮಲಗಿರುವವರು. ಇನ್ನೊಬ್ಬರು ಪಕ್ಕದಲ್ಲಿ ಕೂತು ಗಂಡನಿಗೋ ಮಗನಿಗೋ ಗಂಜಿ ಕುಡಿಸುತ್ತಿರುವ ಐವತ್ತೈದು, ಅರವತ್ತರ ತಾಯಿ. ಅವರಿಗೆ ಮಂಡಿ ನೋವಿರುತ್ತದೆ, ಎದ್ದರೆ ತಲೆ ಸುತ್ತುತ್ತದೆ. ರಕ್ತದೊತ್ತಡ ನೋಡಿಸಿ ಎಷ್ಟು ದಿನವಾಯಿತು ಎಂದರೆ ನೆನಪಿರುವುದಿಲ್ಲ. ಕೇಳಿದರೆ "ನನಗೇನಾಗಿದೆ, ವಯಸ್ಸಾಯ್ತಲ್ಲ" ಎಂದು ಮಾತು ಮುಗಿಸುತ್ತಾರೆ. ಈ ಪಾಠ ಆ ತಾಯಿಗಾಗಿ ಮತ್ತು ಆಕೆಯ ಮನೆಯವರಿಗಾಗಿ.

1. ಎರಡು ಬಗೆಯ ತಾರತಮ್ಯ

ಹೆಣ್ಣು ಎಂಬ ಕಾರಣಕ್ಕೆ ಒಂದು ತಾರತಮ್ಯ, ವಯಸ್ಸಾಯಿತು ಎಂಬ ಕಾರಣಕ್ಕೆ ಇನ್ನೊಂದು. ಐವತ್ತು ದಾಟಿದ ಮಹಿಳೆಯ ಮೇಲೆ ಇವೆರಡೂ ಒಟ್ಟಿಗೆ ಬೀಳುತ್ತವೆ. ಗಂಡಸು ಅರವತ್ತಕ್ಕೆ ದುಡಿಮೆ ನಿಲ್ಲಿಸಿದರೆ "ವಿಶ್ರಾಂತಿ ತಗೊಳ್ಳಲಿ" ಎನ್ನುತ್ತೇವೆ. ಹೆಂಗಸು ಹೊರಗಿನ ದುಡಿಮೆ ನಿಲ್ಲಿಸಿದ ಮರುದಿನವೇ ಮನೆಯ ಅಡುಗೆ, ಮೊಮ್ಮಕ್ಕಳು, ದನಕರು ಎಲ್ಲವೂ ಆಕೆಯ ಹೆಗಲಿಗೆ ಬರುತ್ತವೆ.

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 88 ನಿಮಿಷ. ಅಂದರೆ ಹೆಂಗಸರಿಗೆ ಹೆಚ್ಚುಕಡಿಮೆ ಐದು ಗಂಟೆ, ಗಂಡಸರಿಗೆ ಒಂದೂವರೆ ಗಂಟೆ. ಹೊಲದ, ತೋಟದ, ಶಾಲೆಯ, ಅಂಗನವಾಡಿಯ ದುಡಿಮೆ ಇದಕ್ಕೆ ಸೇರಿಲ್ಲ.

2. ಗೌರವಧನವೋ, ವೇತನವೋ?

ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಂಗನವಾಡಿ ಇಲ್ಲದ ಊರು ಅಪರೂಪ. ಈ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ಶುರುವಾಗಿ ಬಳಿಕ ಎಲ್ಲ ಕಡೆ ಹಬ್ಬಿತು. ಇಪ್ಪತ್ತು, ಇಪ್ಪತ್ತೈದರ ವಯಸ್ಸಿನಲ್ಲಿ ಸೇರಿದ ಎಷ್ಟೋ ಕಾರ್ಯಕರ್ತೆಯರು, ಸಹಾಯಕಿಯರು ಈಗ ಅರವತ್ತರ ಹೊಸ್ತಿಲಲ್ಲಿದ್ದಾರೆ. ಅರವತ್ತಾದರೆ ಸೇವೆ ಮುಗಿಯುತ್ತದೆ.

ಇವರಿಗೆ ಕೊಡುವ ಹಣಕ್ಕೆ ಮೊದಲಿನಿಂದಲೂ ಸಂಬಳ ಎನ್ನುವುದಿಲ್ಲ, "ಗೌರವಧನ" ಎನ್ನುತ್ತಾರೆ. ಈ ಒಂದು ಪದದಿಂದ ಬಹಳ ನಷ್ಟವಾಗಿದೆ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ತೀರ್ಪು ನೀಡಿತು. ಸರ್ಕಾರಿ ನೌಕರರಿಗೆ ಇರುವ ಪಿಂಚಣಿ ಇವರಿಗಿಲ್ಲ. ಮೂವತ್ತು ವರ್ಷ ಮಕ್ಕಳ ತೂಕ ನೋಡಿ, ಬಾಣಂತಿಯರ ಮನೆ ಸುತ್ತಿ, ಕೊನೆಯ ದಿನ ಬರಿಗೈಯಲ್ಲಿ ಮನೆಗೆ ಬಂದವರಿದ್ದಾರೆ.

2022ರ ಏಪ್ರಿಲ್ 25ರಂದು ಪರಿಸ್ಥಿತಿ ಬದಲಾಯಿತು. ಗುಜರಾತಿನ ಕಾರ್ಯಕರ್ತೆಯರು ಹೂಡಿದ್ದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಅಜಯ್ ರಸ್ತೋಗಿ ಮತ್ತು ನ್ಯಾಯಮೂರ್ತಿ ಅಭಯ್ ಎಸ್. ಓಕಾ ಅವರು ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯವಾಗುತ್ತದೆ ಎಂದು ತೀರ್ಪು ನೀಡಿದರು. ಹೆಸರು ಗೌರವಧನವಾದರೂ ಆ ಕಾಯ್ದೆಯ ಮಟ್ಟಿಗೆ ಅದು ವೇತನವೇ ಎಂದರು. 2023ರ ಜನವರಿಯಲ್ಲಿ ನಮ್ಮ ರಾಜ್ಯದ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಧರಣಿ ಕೂತರು. ರಾಜ್ಯ ಸರ್ಕಾರವೂ ಗ್ರಾಚ್ಯುಟಿ ಕೊಡಲು ಒಪ್ಪಿತು.

ಗ್ರಾಚ್ಯುಟಿ ಲೆಕ್ಕ ಹೀಗೆ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆ ಮಾಡಿದ ವರ್ಷಗಳಿಂದ ಗುಣಿಸಬೇಕು. ಲೆಕ್ಕ ಸುಲಭವಾಗಲೆಂದು ತಿಂಗಳಿಗೆ 10,000 ರೂ., ಸೇವೆ 30 ವರ್ಷ ಎಂದಿಟ್ಟುಕೊಳ್ಳಿ. ಸುಮಾರು 1,73,000 ರೂ. ಬರುತ್ತದೆ. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಲೆಕ್ಕದ ಕ್ರಮ ಅದೇ. ತಾಯಂದಿರೇ, ನಿವೃತ್ತಿಗೆ ಒಂದು ವರ್ಷ ಮೊದಲೇ ನಿಮ್ಮ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಿ ಸೇವೆಗೆ ಸೇರಿದ ದಿನಾಂಕ, ನಾಮಿನಿ ಹೆಸರು ಸರಿಯಾಗಿವೆಯೇ ನೋಡಿಸಿಕೊಳ್ಳಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯಿರಿ.

3. ನಿವೃತ್ತಿಯ ದಿನಾಂಕವೇ ಇಲ್ಲದ ದುಡಿಮೆ

ಅಡಿಕೆ ಸುಲಿಯುವವರು, ಈರುಳ್ಳಿ ಕೀಳುವವರು, ರಾಗಿ ಕೊಯ್ಯುವವರು, ತೆಂಗಿನ ತೋಟದಲ್ಲಿ ದುಡಿಯುವವರು: ಇವರಿಗೆ ಬೀಳ್ಕೊಡುಗೆಯೂ ಇಲ್ಲ, ಹಾರವೂ ಇಲ್ಲ. ಮಂಡಿ ಸೋತ ದಿನವೇ ನಿವೃತ್ತಿ. ಒಂದೇ ಕೆಲಸಕ್ಕೆ ಗಂಡಾಳಿಗೆ ಹೆಚ್ಚು, ಹೆಣ್ಣಾಳಿಗೆ ಕಡಿಮೆ ಕೂಲಿ ಕೊಡುವುದನ್ನು 1976ರ ಸಮಾನ ವೇತನ ಕಾಯ್ದೆ ತಡೆದಿತ್ತು. ಈಗ ಜಾರಿಯಲ್ಲಿರುವ ವೇತನ ಸಂಹಿತೆಯೂ ತಡೆಯುತ್ತದೆ. ಜೀವನವಿಡೀ ಕಡಿಮೆ ಕೂಲಿ ಪಡೆದವಳ ಉಳಿತಾಯವೂ ಕಡಿಮೆ. ಮುಪ್ಪಿನಲ್ಲಿ ಆಕೆ ಮಕ್ಕಳ ಮುಖ ನೋಡಬೇಕಾಗುತ್ತದೆ.

ಪಿಂಚಣಿ ಯೋಜನೆಗಳಲ್ಲೂ ವಯಸ್ಸಿನ ಗೋಡೆಯಿದೆ. 2015ರ ಅಟಲ್ ಪಿಂಚಣಿ ಯೋಜನೆಗೂ 2019ರ ಶ್ರಮಯೋಗಿ ಮಾನ್‌ಧನ್ ಯೋಜನೆಗೂ ಸೇರಲು ವಯಸ್ಸು 18ರಿಂದ 40ರೊಳಗೆ ಇರಬೇಕು. ಅವು ಬಂದಾಗಲೇ ನಲವತ್ತು ದಾಟಿದ್ದ ತಾಯಂದಿರಿಗೆ ಬಾಗಿಲು ಮುಚ್ಚಿತ್ತು. ಅವರಿಗೆ ಉಳಿದಿರುವುದು 60 ತುಂಬಿದ ಮೇಲಿನ ವೃದ್ಧಾಪ್ಯ ವೇತನ, 65ರ ಮೇಲಿನ ಸಂಧ್ಯಾ ಸುರಕ್ಷಾ, ಗಂಡ ತೀರಿಕೊಂಡಿದ್ದರೆ ವಿಧವಾ ವೇತನ. ಇವಕ್ಕೆ ಅರ್ಜಿಯನ್ನು ಹೋಬಳಿಯ ನಾಡಕಚೇರಿಯಲ್ಲಿ ಕೊಡಬೇಕು.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದು ಊರಿಗೆ ಮರಳಿದವರೂ ನಮ್ಮಲ್ಲಿದ್ದಾರೆ. 2016ರಲ್ಲಿ ಭವಿಷ್ಯನಿಧಿಯ ಪೂರ್ತಿ ಹಣ 58 ತುಂಬುವವರೆಗೆ ಸಿಗದು ಎಂಬ ನಿಯಮ ಬಂದಾಗ, ಏಪ್ರಿಲ್‌ನಲ್ಲಿ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದರು. ಅಷ್ಟು ವಯಸ್ಸಿನವರೆಗೆ ಕಾರ್ಖಾನೆಯಲ್ಲಿ ಉಳಿಯುವುದು ಕಷ್ಟವೆಂದು ಅವರಿಗೆ ಗೊತ್ತಿತ್ತು. ಕೇಂದ್ರ ಸರ್ಕಾರ ಏಪ್ರಿಲ್ 19ರಂದು ಆ ನಿಯಮ ಹಿಂಪಡೆಯಿತು. ಆದರೆ ಒಂದು ಮಾತು ನೆನಪಿಡಿ: ಪಿ.ಎಫ್. ಪಿಂಚಣಿ ಯೋಜನೆಯಲ್ಲಿ 10 ವರ್ಷ ಸೇವೆ ಪೂರೈಸಿದವರಿಗೆ 58ರಿಂದ ಪ್ರತಿ ತಿಂಗಳು ಪಿಂಚಣಿ ಸಿಗುತ್ತದೆ. ಬೇರೆ ಬೇರೆ ಕಾರ್ಖಾನೆಯ ಸೇವೆಯನ್ನು ಕೂಡಿಸಬಹುದು. ಹಳೆಯ ಪಿ.ಎಫ್. ಚೀಟಿಗಳನ್ನು ಎಸೆಯಬೇಡಿ.

4. "ವಯಸ್ಸಾಯ್ತು" ಎಂದು ಬಿಡಬಾರದ ಲಕ್ಷಣಗಳು

ಒಂದು ದಿನ ಆಸ್ಪತ್ರೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಆ ಲೆಕ್ಕದಲ್ಲಿ ಮುಂದೂಡಿದ ಕಾಯಿಲೆ ಕೊನೆಗೆ ಇಡೀ ವರ್ಷದ ಕೂಲಿ ನುಂಗುತ್ತದೆ. ಕೆಳಗಿನವು ಇದ್ದರೆ ತಡಮಾಡದೆ ವೈದ್ಯರಿಗೆ ಹೇಳಿ:

* ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಆಗಲೇಬೇಕು. ಗರ್ಭಕೋಶದ ಕ್ಯಾನ್ಸರ್‌ನ ಮೊದಲ ಸೂಚನೆ ಇದಾಗಿರಬಹುದು.
* ಕೆಮ್ಮಿದಾಗ, ಭಾರ ಎತ್ತಿದಾಗ ಮೂತ್ರ ಸೋರುವುದು, ಗರ್ಭಕೋಶ ಜಾರಿದಂತಾಗುವುದು. ನಾಚಿಕೆ ಬೇಡ. ವ್ಯಾಯಾಮ, ಸಣ್ಣ ಸಾಧನ, ಶಸ್ತ್ರಚಿಕಿತ್ಸೆ ಹೀಗೆ ಪರಿಹಾರಗಳಿವೆ.
* ಸ್ತನದಲ್ಲಿ ಗಂಟು. ನೋವಿಲ್ಲ ಎಂದು ಬಿಡಬೇಡಿ; ಕ್ಯಾನ್ಸರ್ ಗಂಟು ಮೊದಲಿಗೆ ಬಹುತೇಕ ನೋಯುವುದಿಲ್ಲ.
* ಸ್ವಲ್ಪ ನಡೆದರೂ ಏದುಸಿರು, ವಿಪರೀತ ಸುಸ್ತು, ದವಡೆ ಅಥವಾ ಬೆನ್ನು ನೋವು. ಹೆಂಗಸರಲ್ಲಿ ಹೃದಯದ ತೊಂದರೆ ಎದೆನೋವಿಲ್ಲದೆ ಹೀಗೂ ಕಾಣಿಸಬಹುದು.
* ಚಿಕ್ಕದಾಗಿ ಜಾರಿ ಬಿದ್ದರೂ ಮೂಳೆ ಮುರಿಯುವುದು. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ.
* ಕಣ್ಣು ಮಂಜಾಗುವುದು. ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುತ್ತದೆ.

ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚು ಎಂದು ಮತ್ತೆ ಮತ್ತೆ ಬಂದರೆ ಚಿಕಿತ್ಸೆ ಬೇಕು. ತಲೆನೋವಿಲ್ಲ ಎಂದು ಮಾತ್ರೆ ನಿಲ್ಲಿಸಬಾರದು. ಮೂವತ್ತು ದಾಟಿದ ಎಲ್ಲರಿಗೂ ಬಿ.ಪಿ., ಸಕ್ಕರೆ ಕಾಯಿಲೆ ಮತ್ತು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಊಟದ ವಿಷಯದಲ್ಲೂ ತಾರತಮ್ಯ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಸುಮಾರು 48ರಷ್ಟು, ಗಂಡಸರಲ್ಲಿ ಸುಮಾರು 20ರಷ್ಟು ಶೇಕಡಾ ಮಂದಿಗೆ ರಕ್ತಹೀನತೆ ಇತ್ತು. ಅದನ್ನೇ ಹೊತ್ತುಕೊಂಡು ಹೆಣ್ಣು ಐವತ್ತಕ್ಕೆ ಕಾಲಿಡುತ್ತಾಳೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಬಿಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಸೊಪ್ಪು, ಕಾಳು, ಮಜ್ಜಿಗೆ ತಾಯಿಯ ತಟ್ಟೆಗೂ ಸಮನಾಗಿ ಬೀಳಲಿ.

5. ಐವತ್ತೈದಕ್ಕೇ ಸಿದ್ಧವಾಗಬೇಕಾದ ಕಾಗದಗಳು

* ವಯಸ್ಸಿನ ದಾಖಲೆ: ಆಧಾರ್, ಪಡಿತರ ಚೀಟಿ, ಮತದಾರರ ಚೀಟಿಗಳಲ್ಲಿ ಮೂರು ವಯಸ್ಸು ಇದ್ದರೆ ಪಿಂಚಣಿ ತಡವಾಗುತ್ತದೆ. ಆಧಾರ್ ಜನ್ಮದಿನಾಂಕಕ್ಕೆ ಸಾಕ್ಷಿಯಲ್ಲ, ಶಾಲೆಯ ದಾಖಲೆಯೇ ಮೇಲು ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಎರಡನೇ ತರಗತಿವರೆಗೆ ಓದಿದ್ದರೂ ಆ ಶಾಲೆಯಲ್ಲಿ ವಿಚಾರಿಸಿ.
* ಬ್ಯಾಂಕ್ ಖಾತೆ: ತಾಯಿಯ ಹೆಸರಿನಲ್ಲಿ ಪ್ರತ್ಯೇಕ ಖಾತೆ, ನಾಮಿನಿ ಇರಲಿ. ಪಾಸ್‌ಬುಕ್ಕೂ ಎ.ಟಿ.ಎಂ. ಕಾರ್ಡೂ ಆಕೆಯ ಬಳಿಯೇ ಇರಲಿ.
* ಚಿಕಿತ್ಸೆಯ ಕಾರ್ಡ್: ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರನ್ನೂ ಆಯುಷ್ಮಾನ್ ವ್ಯಾಪ್ತಿಗೆ ತರುವುದಾಗಿ 2024ರ ಕೇಂದ್ರ ಮಧ್ಯಂತರ ಬಜೆಟ್‌ನಲ್ಲಿ ಘೋಷಿಸಲಾಯಿತು.
* ಜಮೀನು, ಮನೆ: ಗಂಡ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಹೆಂಡತಿಯ ಹೆಸರು ಬಿಡಬಾರದು. ಓದದೆ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಮಕ್ಕಳಿಗೆ ದಾನಪತ್ರ ಬರೆದರೆ "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಷರತ್ತು ಮುರಿದರೆ ದಾನ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವಕಾಶವಿದೆ.

ಇದೇ ಕಾಯ್ದೆಯ ಪ್ರಕಾರ ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂ.ವರೆಗೆ ಜೀವನಾಂಶ ಕೊಡಿಸಬಹುದು. ಮನೆಯಲ್ಲಿ ಹೊಡೆತ, ಉಪವಾಸ, ಹೊರಹಾಕುವುದು ನಡೆದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಕರೆ ಉಚಿತ.

6. ಮನೆಯವರಿಗೆ ಎರಡು ಮಾತು

ಕಾಯಕಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಶರಣರು ಬಾಳಿ ತೋರಿದ್ದಾರೆ. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ದಿನ ಅದನ್ನು ಹಿಂದಿರುಗಿಸಲು ಹೇಳಿದವರು ಮಡದಿ ಆಯ್ದಕ್ಕಿ ಲಕ್ಕಮ್ಮನವರು. ಗಂಡ ಆ ಮಾತು ಕೇಳಿದರು. ನಮ್ಮ ಮನೆಗಳಲ್ಲಿ ದುಡಿದ ತಾಯಿಯ ಮಾತಿಗೆ, ಆಕೆಯ ಗಳಿಕೆಗೆ ಅಷ್ಟು ಬೆಲೆ ಇದೆಯೇ?

ಮಕ್ಕಳೇ, ಅಮ್ಮನಿಗೆ ಬಂದ ಗ್ರಾಚ್ಯುಟಿ ಮಗಳ ಮದುವೆಗೆ, ಮಗನ ಬೈಕಿಗೆ ಎಂದು ಮೊದಲೇ ಲೆಕ್ಕ ಹಾಕಬೇಡಿ. ಅದು ಆಕೆಯ ಮುಪ್ಪಿನ ಊರುಗೋಲು. ಅಪ್ಪನ ಔಷಧಿ ಚೀಟಿ ತರುವಾಗ ಅಮ್ಮನದನ್ನೂ ತನ್ನಿ. ವಾರದಲ್ಲಿ ಒಂದು ದಿನವಾದರೂ ಒಲೆಯ ಕೆಲಸದಿಂದ ಬಿಡುವು ಕೊಡಿ.

ಈ ಪತ್ರಿಕೆ ಓದುತ್ತಿರುವ ತಾಯಂದಿರೇ, ಇಂದು ನಿಮ್ಮವರನ್ನು ನೋಡಲು ವೈದ್ಯರು ಬಂದಾಗ ನಿಮ್ಮ ತೊಂದರೆಯನ್ನೂ ಹೇಳಿ. ಹೊರರೋಗಿ ವಿಭಾಗದಲ್ಲಿ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ, ಬಿ.ಪಿ. ಮತ್ತು ರಕ್ತ ಪರೀಕ್ಷೆ ಮಾಡಿಸಿಕೊಂಡೇ ಊರಿಗೆ ಹೊರಡಿ.