ಕ್ವಾಂಟಂ ಭೌತವಿಜ್ಞಾನ: ಪರೀಕ್ಷೆಗೆ ಬೇಕಾದ ಮೂಲಾಂಶಗಳು

ಕೊಡಗಿನ ಬಾಳೆಲೆ ಭಾಗದಲ್ಲಿ ಕಾಡಾನೆ ತಡೆಯಲು ಹಾಕುವ ಸೋಲಾರ್ ಬೇಲಿಯ ಫಲಕವನ್ನು ಗಮನಿಸಿ. ಒಂದು ಫೋಟಾನ್ ಕನಿಷ್ಠ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಟ್ಟರೆ ಮಾತ್ರ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ಬಂಧ ಬಿಡಿಸಿಕೊಂಡು ಚಲಿಸುತ್ತದೆ. ಅದಕ್ಕಿಂತ ದುರ್ಬಲ ಫೋಟಾನ್‌ಗಳು ಎಷ್ಟೇ ಬಿದ್ದರೂ ವಿದ್ಯುತ್ ಹುಟ್ಟದು. ಬೆಳಕಿನ ಶಕ್ತಿ ಕಂತುಗಳಲ್ಲಿ ಬರುತ್ತದೆ. ಆ ಕಂತೇ ಕ್ವಾಂಟಂ.

ಪ್ರಮುಖ ಘಟ್ಟಗಳು
• 1900: ಮ್ಯಾಕ್ಸ್ ಪ್ಲಾಂಕ್. ಶಕ್ತಿ = ಪ್ಲಾಂಕ್ ಸ್ಥಿರಾಂಕ × ಆವೃತ್ತಿ. ಸ್ಥಿರಾಂಕದ ಬೆಲೆ 6.626 × 10⁻³⁴ ಜೌಲ್-ಸೆಕೆಂಡ್.
• 1905: ಐನ್‌ಸ್ಟೈನ್. ದ್ಯುತಿವಿದ್ಯುತ್ ಪರಿಣಾಮದ ವಿವರಣೆ. 1921ರ ನೊಬೆಲ್ ಇದಕ್ಕೇ ಸಂದಿತು, ಸಾಪೇಕ್ಷತಾ ಸಿದ್ಧಾಂತಕ್ಕಲ್ಲ.
• 1913: ನೀಲ್ಸ್ ಬೋರ್. ಪರಮಾಣುವಿನಲ್ಲಿ ನಿಗದಿತ ಶಕ್ತಿಮಟ್ಟಗಳು.
• 1924: ಡಿ ಬ್ರೋಯಿ. ಕಣಕ್ಕೂ ಅಲೆಯ ಗುಣವಿದೆ.
• 1926: ಶ್ರೋಡಿಂಗರ್. ಅಲೆ ಸಮೀಕರಣ.
• 1927: ಹೈಸನ್‌ಬರ್ಗ್. ಕಣದ ಸ್ಥಾನ ಮತ್ತು ಸಂವೇಗ ಎರಡನ್ನೂ ಏಕಕಾಲಕ್ಕೆ ನಿಖರವಾಗಿ ಹೇಳಲಾಗದು. ಇದು ಉಪಕರಣದ ದೋಷವಲ್ಲ, ನಿಸರ್ಗದ ನಿಯಮ.

ಕರ್ನಾಟಕದ ನಂಟು
• ಸಿ.ವಿ. ರಾಮನ್: ರಾಮನ್ ಪರಿಣಾಮ ಪತ್ತೆಯಾದದ್ದು 1928ರ ಫೆಬ್ರವರಿ 28ರಂದು, ಕೋಲ್ಕತ್ತದಲ್ಲಿ. 1930ರಲ್ಲಿ ನೊಬೆಲ್. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ.
• ಮ್ಯಾಕ್ಸ್ ಬಾರ್ನ್: ಅಲೆ ಫಲನಕ್ಕೆ ಸಂಭವನೀಯತೆಯ ಅರ್ಥ ಕೊಟ್ಟವರು. ರಾಮನ್ ಆಹ್ವಾನದ ಮೇಲೆ 1935–36ರಲ್ಲಿ ಇದೇ ಸಂಸ್ಥೆಯಲ್ಲಿದ್ದರು.
• ರಾಷ್ಟ್ರೀಯ ಕ್ವಾಂಟಂ ಮಿಷನ್: 2023ರ ಏಪ್ರಿಲ್ 19ರಂದು ಕೇಂದ್ರ ಸಂಪುಟದ ಒಪ್ಪಿಗೆ, ವೆಚ್ಚ ₹6,003.65 ಕೋಟಿ, ಅವಧಿ 2030–31ರವರೆಗೆ. ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದೆ.

ಇಸವಿಗಳನ್ನು ಬಾಯಿಪಾಠ ಮಾಡಿದರಷ್ಟೇ ಸಾಲದು. ಪ್ರತಿ ಹೆಸರಿನ ಜೊತೆ ಒಂದು ತತ್ವವನ್ನು ಅರ್ಥಮಾಡಿಕೊಂಡರೆ ಹೇಳಿಕೆ ಆಧಾರಿತ ಪ್ರಶ್ನೆಗಳೂ ಸುಲಭ.

ಮಾದರಿ ಪ್ರಶ್ನೆ: ರಾಷ್ಟ್ರೀಯ ವಿಜ್ಞಾನ ದಿನ ಯಾವ ಆವಿಷ್ಕಾರದ ನೆನಪು?
ಉತ್ತರ: ರಾಮನ್ ಪರಿಣಾಮ.