ಎಂಬಿಬಿಎಸ್ ಓದುತ್ತಲೇ ಸಂಶೋಧನೆ ಮಾಡಬಹುದೇ?

ಪ್ರಶ್ನೆ: ನಾನು ಮೊಳಕಾಲ್ಮುರು ತಾಲ್ಲೂಕಿನವಳು. ಎರಡನೇ ವರ್ಷದ ಎಂಬಿಬಿಎಸ್ ಓದುತ್ತಿದ್ದೇನೆ. ಸಂಶೋಧನೆಯೆಲ್ಲ ಎಂ.ಡಿ. ಆದಮೇಲೆ ಎನ್ನುತ್ತಾರೆ. ಈಗಲೇ ತೊಡಗಲು ದಾರಿ ಇದೆಯೇ?

ಉತ್ತರ: ಇದೆ, ಅದೂ ಹಳೆಯ ದಾರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದ ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆಂದೇ ಅಲ್ಪಾವಧಿ ವಿದ್ಯಾರ್ಥಿವೇತನ ನಡೆಸಿಕೊಂಡು ಬಂದಿದೆ. ಹಾಸ್ಟೆಲುಗಳಲ್ಲಿ ಅದನ್ನು ‘ಎಸ್‌ಟಿಎಸ್’ ಎನ್ನುತ್ತಾರೆ. ನಿಮ್ಮ ಕಾಲೇಜಿನ ಒಬ್ಬ ಪ್ರಾಧ್ಯಾಪಕರು ಗೈಡ್ ಆಗಬೇಕು, ಕೆಲಸ ಎರಡು ತಿಂಗಳಲ್ಲಿ ಮುಗಿಯುವಂತಿರಬೇಕು. ವರದಿ ಒಪ್ಪಿಗೆಯಾದ ಮೇಲೆ ಹಣ, ಪ್ರಮಾಣಪತ್ರ. ಎಂ.ಡಿ. ತನಕ ಕಾಯಿರಿ ಎನ್ನುವವರಿಗೆ ಪಾಲ್ ಲ್ಯಾಂಗರ್‌ಹಾನ್ಸ್ ಹೆಸರು ಹೇಳಿ: ಚರ್ಮದಲ್ಲಿನ, ಇಂದು ಅವನ ಹೆಸರಿನಿಂದಲೇ ಕರೆಯುವ ಕೋಶಗಳನ್ನು ಆತ ಗುರುತಿಸಿದ್ದು 1868ರಲ್ಲಿ, ಬರ್ಲಿನ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ.

ಅರ್ಜಿ ತುಂಬುವುದು ಸುಲಭ. ಒಳ್ಳೆಯ ಪ್ರಶ್ನೆ ಹುಡುಕುವುದೇ ಕಷ್ಟ. ಅದಕ್ಕೆ ನಿಮ್ಮ ಊರಿಗಿಂತ ಒಳ್ಳೆಯ ಜಾಗವಿಲ್ಲ ಎಂದೇ ನನ್ನ ನಂಬಿಕೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಎಲ್ಲರಿಗೂ ಗೊತ್ತು. ಅದನ್ನೇ ಮತ್ತೆ ಅಳೆಯಬೇಡಿ. ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಊರಿನಲ್ಲಿ ಶುದ್ಧ ನೀರಿನ ಘಟಕ ಇದೆ, ಮನೆಮಂದಿ ಕ್ಯಾನಿನಲ್ಲಿ ನೀರು ತಂದು ಕುಡಿಯುತ್ತಾರೆ ಎಂದುಕೊಳ್ಳೋಣ. ಆದರೆ ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು ಯಾವ ನೀರಿನಲ್ಲಿ? ನಲ್ಲಿ ನೀರನ್ನು ಕಾಯಿಸಿದರೆ ಸಾಕೆಂದು ಎಷ್ಟು ಮನೆಯವರು ನಂಬಿದ್ದಾರೆ? ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರ ತನಕ ಎನ್ನುವುದು ನಮ್ಮ ದೇಶದ ಮಾನದಂಡ. ಒಂದೇ ಹಳ್ಳಿ, ಒಂದು ಪ್ರಶ್ನಾವಳಿ, ಅಡುಗೆಮನೆಯ ಬಿಂದಿಗೆಯಿಂದ ಒಂದು ಬಾಟಲಿ ನೀರು: ಎರಡು ತಿಂಗಳಿಗೆ ಇಷ್ಟೇ ಸಾಕು.

ಮೊದಲು ಸಮುದಾಯ ವೈದ್ಯಕೀಯ ವಿಭಾಗದ ಬಾಗಿಲು ತಟ್ಟಿ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೈಸೇರುವ ತನಕ ಒಂದು ಮನೆಗೂ ಹೋಗಬೇಡಿ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು ಜೊತೆಗಿದ್ದರೆ ಜನ ಮಾತಿಗೆ ಸಿಗುತ್ತಾರೆ. ಗಡಿಯ ಊರುಗಳಲ್ಲಿ ಎಷ್ಟೋ ಮನೆಯ ಮಾತು ತೆಲುಗು. ಒಪ್ಪಿಗೆ ಪತ್ರ ಕನ್ನಡದಲ್ಲೂ ತೆಲುಗಿನಲ್ಲೂ ಇರಲಿ. ಓದು ಬಾರದವರಿಗೆ ಅದನ್ನು ಪೂರ್ತಿ ಓದಿಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸಿಕೊಳ್ಳಿ. ‘ಬೇಡವ್ವ’ ಎಂದವರನ್ನು ಒತ್ತಾಯಿಸದೆ ಕೈಮುಗಿದು ಮುಂದಿನ ಮನೆಗೆ ಹೋಗಿ.

ದುಡ್ಡು ಕೊಟ್ಟರೆ ಪ್ರಬಂಧದಲ್ಲಿ ಹೆಸರು ಸೇರಿಸುತ್ತೇವೆ ಎನ್ನುವವರು ಮೊಬೈಲಿಗೇ ಬರುತ್ತಾರೆ. ಅವರನ್ನು ಹತ್ತಿರ ಸೇರಿಸಬೇಡಿ, ಅದು ಮೋಸ.

ವರದಿ ಇಂಗ್ಲಿಷಿನಲ್ಲಿ ದೆಹಲಿಗೆ ಹೋಗುತ್ತದೆ. ಅದರ ಸಾರವನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಬರೆದು, ನೀರು ಕೊಟ್ಟ ಮನೆಗಳಿಗೂ ಗ್ರಾಮ ಪಂಚಾಯಿತಿಗೂ ದಯವಿಟ್ಟು ನೀವೇ ತಲುಪಿಸಿ.