ತತ್ತಿಗೆ ಕಾವು ಕೊಡುವ ವಿದ್ಯೆ



ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ, ಕಿಟಕಿಗೆ ದೂರವಾಗಿ, ಒಂದು ಬಿಳಿಯ ಪೆಟ್ಟಿಗೆ ಇರುವುದನ್ನು ನಿಮ್ಮಲ್ಲಿ ಅನೇಕರು ಕಂಡು, ಅದೇನೆಂದು ನಮ್ಮನ್ನು ಕೇಳಿರುವಿರಿ. ಕೋಳಿಯ ನೆರವಿಲ್ಲದೆ ತತ್ತಿಯಿಂದ ಮರಿ ತೆಗೆಯುವ ಕಾವುಪೆಟ್ಟಿಗೆ ಅದು. ಅದು ನಮ್ಮಲ್ಲಿಗೆ ಬಂದ ಬಗೆಯನ್ನೂ, ಅದನ್ನು ನಡೆಸುವ ಕ್ರಮವನ್ನೂ, ಅದರಿಂದ ನಾವು ಕಲಿತ ಪಾಠವನ್ನೂ ಈ ಸಂಚಿಕೆಯಲ್ಲಿ ಬರೆಯಬೇಕೆಂದಿರುವೆವು.

ಕಾರಣ

ಚಿಕ್ಕೋಡಿ ತಾಲೂಕಿನ ಯಡೂರು ಕೃಷ್ಣಾ ನದಿಯ ದಂಡೆಯ ಮೇಲಿನ ಊರು. ವೀರಭದ್ರ ದೇವಸ್ಥಾನದಿಂದ ಅದರ ಹೆಸರು ಸುತ್ತಲಿನ ಸೀಮೆಗೆಲ್ಲ ತಿಳಿದಿದೆ. ಆ ಊರಿಗೆ ಮದುವೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಯ ಹಿತ್ತಲಲ್ಲಿ ಜವಾರಿ ಕೋಳಿ ಸಾಕಿ, ಮಕ್ಕಳ ಪುಸ್ತಕ ವಸ್ತ್ರಗಳ ಖರ್ಚನ್ನು ತತ್ತಿ ಮಾರಿದ ಹಣದಿಂದಲೇ ತೂಗಿಸುತ್ತಿದ್ದಳು. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಆ ಮನೆಯವರು ಜೀವ ಉಳಿಸಿಕೊಂಡು ಹೊರಬಿದ್ದರು; ಕೋಳಿಗಳಲ್ಲಿ ಉಳಿದವು ಆರು ಹ್ಯಾಟೆಗಳು, ಒಂದು ಹುಂಜ ಮಾತ್ರ.

ಜವಾರಿ ಕೋಳಿ ಒಮ್ಮೆ ಕಾವಿಗೆ ಕುಳಿತರೆ 21 ದಿನ ಕಾವಿನಲ್ಲಿಯೂ, ಅನಂತರ ಎರಡು ತಿಂಗಳ ತನಕ ಮರಿಗಳ ಸಾಕಣೆಯಲ್ಲಿಯೂ ಕಳೆಯುವುದು. ಅಷ್ಟು ಕಾಲ ತತ್ತಿ ಇಡಲಾರದು. ಅದರ ರೆಕ್ಕೆಯ ಕೆಳಗೆ ಹತ್ತು ಹನ್ನೆರಡು ತತ್ತಿಗಳಿಗಷ್ಟೇ ಸ್ಥಳವುಂಟು. ಆದುದರಿಂದ ಆರು ಕೋಳಿಗಳಿಂದ ಮತ್ತೆ ಹಿಂಡು ಕಟ್ಟುವುದು ಹೇಗೆಂದು ಅವಳು ನಮ್ಮ ಬಳಿಗೆ ಬಂದು ಕೇಳಿದಳು. "ಕೋಳಿ ತತ್ತಿ ಇಡುತ್ತಿರಲಿ, ಕಾವನ್ನು ಪೆಟ್ಟಿಗೆಯೇ ಕೊಡಲಿ" ಎಂದು ನಾವು ಹೇಳಿದೆವು. ಹೇಳುವುದು ಸುಲಭವಾಗಿತ್ತು.

ಈ ವಿದ್ಯೆ ಹೊಸದಲ್ಲ. ಪ್ರಾಚೀನ ಐಗುಪ್ತ ದೇಶದವರು ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳಲ್ಲಿ ಸಾವಿರಗಟ್ಟಲೆ ತತ್ತಿಗಳಿಗೆ ಕಾವು ಕೊಡುತ್ತಿದ್ದರು. ಅಲ್ಲಿಯ ಕೆಲಸಗಾರರು ಉಷ್ಣಮಾಪಕವಿಲ್ಲದೆ, ತತ್ತಿಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಅದರ ಬಿಸಿಯನ್ನು ಅಳೆಯುವರು. ಫ್ರಾನ್ಸಿನ ವಿದ್ವಾಂಸ ರೆಯೊಮ್ಯೂರನು 1749ರಲ್ಲಿ ಈ ವಿಷಯವಾಗಿ ಗ್ರಂಥವನ್ನೇ ಬರೆದನು. ನಮ್ಮ ದೇಶದಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉತ್ತರದ ಏಟಾ, ದಕ್ಷಿಣದ ಕಾಟ್ಪಾಡಿ ಮುಂತಾದೆಡೆಗಳಲ್ಲಿ ಮಿಷನ್ನಿನವರು ಬಡ ಕುಟುಂಬಗಳ ಹಿತಕ್ಕಾಗಿ ಕೋಳಿಸಾಕಣೆಯನ್ನು ಕಲಿಸಿದರು.

ಪೆಟ್ಟಿಗೆ ಮತ್ತು ಉಷ್ಣ

ನಮ್ಮ ಪೆಟ್ಟಿಗೆ ಥರ್ಮೊಕೋಲಿನದು. ಒಳಗೆ ಬಿಸಿಗಾಗಿ ಒಂದು ಬಲ್ಬು, ಬಿಸಿಗಾಳಿಯನ್ನು ಎಲ್ಲೆಡೆ ಸಮನಾಗಿ ಹರಡಲು ಒಂದು ಪುಟ್ಟ ಪಂಖ, ಬಲ್ಬನ್ನು ತಾನೇ ಹೊತ್ತಿಸಿ ಆರಿಸುವ ಥರ್ಮೋಸ್ಟಾಟು, ನೀರಿನ ತಟ್ಟೆ, ಗಾಳಿಗಾಗಿ ಕೆಲವು ರಂಧ್ರಗಳು. ಇಷ್ಟೇ ಅದರ ಸಾಮಗ್ರಿ. ಪಂಖವುಳ್ಳ ಪೆಟ್ಟಿಗೆಯಲ್ಲಿ ಉಷ್ಣವು 37.5 ಡಿಗ್ರಿ ಸೆಲ್ಸಿಯಸ್ ಇರತಕ್ಕದ್ದು. ಪಂಖವಿಲ್ಲದಿದ್ದರೆ ಬಿಸಿಗಾಳಿ ಮೇಲಕ್ಕೇರಿ ನಿಲ್ಲುವುದರಿಂದ, ತತ್ತಿಗಳ ಮೇಲ್ಮಟ್ಟದಲ್ಲಿ ಅಳೆದು 38.5ರಿಂದ 39ರವರೆಗೆ ಇಡಬೇಕು. ತಂಪಿಗಿಂತ ಹೆಚ್ಚಿನ ಬಿಸಿಯೇ ಬೇಗ ಕೊಲ್ಲುವುದು. ಕೋಳಿಯೂ ದಿನಕ್ಕೊಮ್ಮೆ ಕಾಳು ನೀರಿಗಾಗಿ ಗೂಡು ಬಿಟ್ಟೇಳುವುದಷ್ಟೆ. ಸ್ವಲ್ಪ ಹೊತ್ತಿನ ತಂಪನ್ನು ತತ್ತಿ ತಾಳಿಕೊಳ್ಳುವುದು.

ಆದುದರಿಂದ ಕರೆಂಟು ಹೋದರೆ ಗಾಬರಿಪಡಬಾರದು. ಮುಚ್ಚಳ ತೆಗೆಯದೆ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಗಾಳಿಯ ರಂಧ್ರಗಳನ್ನು ಮಾತ್ರ ಬಿಡಬೇಕು. ಬಹಳ ಹೊತ್ತಾದರೆ ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ, ತತ್ತಿಗೆ ತಾಗದಂತೆ ಒಳಗಿಡಬೇಕು.

ತತ್ತಿಯ ಆಯ್ಕೆ

ಹುಂಜವಿರುವ ಹಿಂಡಿನ ತತ್ತಿಯಿಂದ ಮಾತ್ರ ಮರಿಯಾಗುವುದು. ಅಂಗಡಿಯ ಫಾರಂ ತತ್ತಿಗಳನ್ನಿಟ್ಟು ಕಾಯುವುದು ವ್ಯರ್ಥ. ಮಧ್ಯಮ ಗಾತ್ರದ, ಬಿರುಕಿಲ್ಲದ, ಒಂದು ವಾರಕ್ಕಿಂತ ಹಳೆಯದಲ್ಲದ ತತ್ತಿಗಳನ್ನು ಆರಿಸತಕ್ಕದ್ದು. ಅವುಗಳನ್ನು ತೊಳೆಯಕೂಡದು, ಯಾಕಂದರೆ ಚಿಪ್ಪಿನ ಮೇಲಿನ ತೆಳುವಾದ ಲೇಪವು ಅದರ ಸಾವಿರಾರು ಸೂಕ್ಷ್ಮ ರಂಧ್ರಗಳನ್ನು ರೋಗಾಣುಗಳಿಂದ ಕಾಯುವುದು. ದೂರದಿಂದ ತಂದ ತತ್ತಿಗಳನ್ನು ಮೊಂಡು ತುದಿ ಮೇಲಾಗಿಟ್ಟು ಒಂದು ದಿನ ಸುಮ್ಮನೆ ಬಿಡಬೇಕು. ಗಿರಿರಾಜದಂಥ ಕೋಳಿ ಸಾಕುವವರಿಗೆ ಇನ್ನೊಂದು ಮಾತು: 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹೊರತಂದ ಈ ಕೋಳಿ ಮಿಶ್ರತಳಿ. ಮನೆಯಲ್ಲಿ ತೆಗೆದ ಅದರ ಮರಿಗಳಿಗೆ ತಾಯ್ತಂದೆಗಳ ಗುಣವೆಲ್ಲ ಬರಲಾರದು. ಜವಾರಿ ಕೋಳಿಗೆ ಆ ಚಿಂತೆ ಇಲ್ಲ.

ಇಪ್ಪತ್ತೊಂದು ದಿನಗಳು

ತತ್ತಿಯ ಒಂದು ಬದಿಗೆ ಪೆನ್ಸಿಲಿನಿಂದ ಸೊನ್ನೆ, ಇನ್ನೊಂದು ಬದಿಗೆ ಗುಣಿಲೆ ಗುರುತು ಹಾಕಿ ಅಡ್ಡಲಾಗಿ ಇಡಬೇಕು. ಹದಿನೆಂಟನೆಯ ದಿನದವರೆಗೆ ದಿನಕ್ಕೆ ಮೂರು ಸಲವಾದರೂ ಮಗ್ಗುಲು ಬದಲಿಸಬೇಕು. ಹಾಗೆ ಮಾಡದಿದ್ದರೆ ಬೆಳೆಯುತ್ತಿರುವ ಪಿಂಡವು ಚಿಪ್ಪಿನ ಒಳಪೊರೆಗೆ ಅಂಟಿ ಸಾಯುವುದು. ಎರಡು ಸಲ ಸಾಲದೇ ಎಂದು ಕೇಳುವವರುಂಟು. ಸಂಖ್ಯೆ ಬೆಸವಾಗಿದ್ದರೆ ದೀರ್ಘವಾದ ರಾತ್ರಿಯಲ್ಲಿ ಒಂದೇ ಮಗ್ಗುಲು ಮತ್ತೆ ಮತ್ತೆ ಮೇಲಾಗದು. ನಮ್ಮ ವಸತಿಗೃಹದ ಹುಡುಗಿಯರು ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ಸರದಿಯಂತೆ ಈ ಕೆಲಸ ಮಾಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಗಾಳಿಯ ತೇವವು ಮೊದಲ ಹದಿನೆಂಟು ದಿನ ನೂರಕ್ಕೆ 50ರಿಂದ 55, ಕೊನೆಯ ಮೂರು ದಿನ 65ರಿಂದ 70 ಇರಬೇಕು. ಏಳನೆಯ ದಿನ ಕತ್ತಲೆ ಕೋಣೆಯಲ್ಲಿ ತತ್ತಿಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡತಕ್ಕದ್ದು. ಜೇಡರ ಬಲೆಯಂತೆ ರಕ್ತನಾಳಗಳೂ ನಡುವೆ ಕಪ್ಪು ಚುಕ್ಕೆಯೂ ಕಂಡರೆ ಅದು ಜೀವಂತವಾದುದು. ಏನೂ ಕಾಣದೆ ತಿಳಿಯಾಗಿದ್ದರೆ ಬರಡು. ಕೆಂಪು ಉಂಗುರ ಮಾತ್ರ ಕಂಡರೆ ಪಿಂಡ ಸತ್ತಿದೆ. ಬರಡನ್ನೂ ಸತ್ತುದನ್ನೂ ಹೊರತೆಗೆಯಬೇಕು. ಹದಿನೆಂಟನೆಯ ದಿನ ಮಗ್ಗುಲು ಬದಲಿಸುವುದನ್ನು ನಿಲ್ಲಿಸಿ, ನೀರು ಹೆಚ್ಚಿಸಿ, ಮುಚ್ಚಳ ಮುಚ್ಚಬೇಕು. ಅಲ್ಲಿಂದ ಮುಂದೆ ತೆರೆಯಕೂಡದು.

ನಮ್ಮ ಎರಡು ತಪ್ಪುಗಳು

ಆ ವರ್ಷ ದೀಪಾವಳಿ ಕಳೆದ ಮೇಲೆ ಯಡೂರಿನಿಂದ 24 ತತ್ತಿಗಳು ಹೊಟ್ಟಿನ ಬುಟ್ಟಿಯಲ್ಲಿ ಬಸ್ಸೇರಿ ಬಂದವು. ಅವುಗಳನ್ನು ಮಾರಿದ್ದರೆ ಆ ಮನೆಗೆ ಅಂದು ಬೇಕಾಗಿದ್ದ ಹಣ ಬರುತ್ತಿತ್ತೆಂಬುದನ್ನು ನಾವು ಬಲ್ಲೆವು. ಬೆಳಕಿಗೆ ಹಿಡಿದಾಗ ಐದು ಬರಡಾಗಿದ್ದವು, ನಾಲ್ಕು ಸತ್ತಿದ್ದವು. ಉಳಿದ ಹದಿನೈದರಲ್ಲಿ ಆರು ಮಾತ್ರ, ಅದೂ ಹತ್ತೊಂಬತ್ತನೆಯ ದಿನವೇ, ಒಡೆದವು. ಮರಿಗಳು ಬಡಕಲಾಗಿದ್ದವು, ಹೊಕ್ಕಳು ಮುಚ್ಚಿರಲಿಲ್ಲ. ಎರಡು ಮಾತ್ರ ಬದುಕಿದವು.

ಕಾರಣವನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹುಡುಕಿದಳು. ಜ್ವರ ನೋಡುವ ಉಷ್ಣಮಾಪಕವನ್ನೂ ಪೆಟ್ಟಿಗೆಯ ಮಾಪಕದ ತುದಿಯನ್ನೂ ಒಂದೇ ಬೆಚ್ಚಗಿನ ನೀರಿನಲ್ಲಿ ಅದ್ದಿದಾಗ, ಪೆಟ್ಟಿಗೆಯದು ಒಂದು ಡಿಗ್ರಿಗೂ ಹೆಚ್ಚು ಕಡಿಮೆ ತೋರಿಸಿತು. ಅಂದರೆ 37.5 ಎಂದು ನಂಬಿ ನಾವು 38.5ಕ್ಕೂ ಮೀರಿದ ಬಿಸಿಯಲ್ಲಿ ತತ್ತಿಗಳನ್ನು ಇಟ್ಟಿದ್ದೆವು. ಮಕ್ಕಳಿಗೆ ಅಳತೆಯ ಪಾಠ ಹೇಳುವ ನಾವೇ ಅಳತೆಗೋಲನ್ನು ಪರೀಕ್ಷಿಸದೆ ನಂಬಿದ್ದೆವು. ನಾವು ಯಡೂರಿಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವಳ ಅತ್ತೆಯವರು ಮರುಮಾತಾಡದೆ, ಒಳಗೆ ಹೋಗಿ, ಆ ವಾರದ ತತ್ತಿಗಳನ್ನೂ ತಂದು ನಮ್ಮ ಮುಂದಿಟ್ಟರು.

2020ರ ಜನವರಿಯಲ್ಲಿ ಎರಡನೆಯ ಸಲ 24 ತತ್ತಿಗಳನ್ನಿಟ್ಟೆವು. ಮೂರು ಬರಡು, ಎರಡು ಸತ್ತವು, ಹತ್ತೊಂಬತ್ತು ಉಳಿದವು. ಇಪ್ಪತ್ತನೆಯ ದಿನ ಚಿಪ್ಪಿನೊಳಗಿಂದ ಚಿಂವ್ ಚಿಂವ್ ಎಂಬ ಸದ್ದು ಕೇಳಿತು. ಮರುದಿನ ಸಂಜೆಯೊಳಗೆ ಹದಿನಾರು ಮರಿಗಳು ಹೊರಬಂದವು. ಒಂದು ತತ್ತಿಯಲ್ಲಿ ಮಾತ್ರ ಬೆಳಿಗ್ಗೆ ಬಿದ್ದ ಸಣ್ಣ ತೂತು ಸಂಜೆಯಾದರೂ ಹಾಗೆಯೇ ಇತ್ತು. ಒಳಗೆ ಕೊಕ್ಕು ಅಲುಗುತ್ತಿತ್ತು. ಮರಿ ಸೋತಿದೆಯೆಂದು ತಿಳಿದು, ಹುಡುಗಿಯರು ಬೇಡವೆಂದರೂ ಕೇಳದೆ, ನಾವು ಮುಚ್ಚಳ ತೆರೆದು ಚಿಪ್ಪನ್ನು ಬಿಡಿಸಿದೆವು. ಪೊರೆಯಿಂದ ರಕ್ತ ಒಸರಿತು. ಆ ಮರಿ ಒಂದು ತಾಸಿನೊಳಗೆ ನಮ್ಮ ಅಂಗೈಯಲ್ಲೇ ಸತ್ತಿತು. ಒಡೆಯದೆ ಉಳಿದ ಇನ್ನೆರಡು ತತ್ತಿಗಳಲ್ಲಿ ಮರಿಗಳು ಒಳಗೇ ಸತ್ತಿದ್ದವು.

ಅದು ಸೋತಿರಲಿಲ್ಲ. ಮರಿಯು ಮೊದಲು ಕೊಕ್ಕಿನಿಂದ ತತ್ತಿಯೊಳಗಿನ ಗಾಳಿಯ ಕೋಶವನ್ನು ತೂರಿ ಉಸಿರಾಟ ಕಲಿಯುವುದು. ಅನಂತರ ಚಿಪ್ಪಿಗೆ ತೂತು ಮಾಡಿ, ಹನ್ನೆರಡು ತಾಸು, ಕೆಲವೊಮ್ಮೆ ಒಂದು ದಿನವೂ, ಸುಮ್ಮನಿರುವುದು. ಆ ಹೊತ್ತಿನಲ್ಲಿ ಪೊರೆಯ ನಾಳಗಳ ರಕ್ತವೂ ಉಳಿದ ಹಳದಿಯೂ ಅದರ ದೇಹದೊಳಕ್ಕೆ ಸೇರುವವು. ಹೊರಗೆ ಕಾಣುವ ಸುಮ್ಮನಿರುವಿಕೆಯು ಒಳಗಿನ ಅತಿ ದೊಡ್ಡ ಕೆಲಸವಾಗಿರುವುದು. ಆ ಸಂಗತಿ ಕೇಳಿ ಅತ್ತೆಯವರು, "ಅಕ್ಕೋರ, ಕೋಳಿ ಎಂದೂ ಚಿಪ್ಪು ಸುಲಿಯೂದಿಲ್ರಿ, ಮ್ಯಾಲ ಕುಂತು ಕೊಕ್ ಕೊಕ್ ಅಂತದ, ಅಷ್ಟ" ಎಂದರು. ಅಧ್ಯಾಪನಶಾಸ್ತ್ರದ ಗ್ರಂಥಗಳನ್ನು ಓದಿ ಬಂದ ನಮಗೆ ಆ ಮಾತು ನಾಟಿತು.

ಮರಿಗಳ ಪಾಲನೆ

ಒಳಗೆ ಸೇರಿದ ಹಳದಿಯ ಬಲದಿಂದ ಮರಿಯು ಎರಡು ದಿನ ಕಾಳಿಲ್ಲದೆ ಇರಬಲ್ಲದು. ಆದುದರಿಂದ ಮೈ ಒಣಗುವ ತನಕ ಪೆಟ್ಟಿಗೆಯಲ್ಲೇ ಬಿಡಬಹುದು. ಅನಂತರ ಮೊದಲ ವಾರ 35 ಡಿಗ್ರಿಯ ಬೆಚ್ಚನೆಯ ಸ್ಥಳ ಬೇಕು. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಮರಿಗಳು ಒಂದರ ಮೇಲೊಂದು ಗುಂಪುಗೂಡಿದರೆ ಚಳಿ, ದೀಪದಿಂದ ದೂರ ಸರಿದು ಬಾಯ್ದೆರೆದರೆ ಸೆಕೆ ಎಂದು ತಿಳಿಯಿರಿ. ನೀರಿನ ತಟ್ಟೆ ಆಳವಿಲ್ಲದಿರಲಿ, ಅದರಲ್ಲಿ ಹರಳುಗಳಿರಲಿ. ಬರಿಯ ವೃತ್ತಪತ್ರಿಕೆ ಹಾಸಿದರೆ ಕಾಲು ಜಾರಿ ಊನವಾಗುವುದು, ಹೊಟ್ಟು ಹಾಸಿರಿ. ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗದ ಲಸಿಕೆಯ ಹನಿಯನ್ನು ಮೊದಲ ವಾರದಲ್ಲೇ ಪಶುವೈದ್ಯರಿಂದ ಹಾಕಿಸುವುದನ್ನು ಮರೆಯಬೇಡಿರಿ.

ಮುಗಿವು

ಹದಿನಾರು ಮರಿಗಳು ಯಡೂರಿಗೆ ಹಿಂತಿರುಗಿದವು. ಮುಂದೆ ನಮ್ಮ ಹಳೆಯ ವಿದ್ಯಾರ್ಥಿನಿಯು ತನ್ನದೇ ಪೆಟ್ಟಿಗೆ ಮಾಡಿಸಿಕೊಂಡಳು. 2021ರ ಜುಲೈ ತಿಂಗಳಲ್ಲಿ ಕೃಷ್ಣೆ ಮತ್ತೆ ಉಕ್ಕಿದಾಗ, ನೀರು ಏರುವ ಮೊದಲೇ ಕೋಳಿಗಳನ್ನೆಲ್ಲ ಬುಟ್ಟಿಗಳಲ್ಲಿ ಹಾಕಿ ಎತ್ತರದ ಊರಿನ ನಂಟರ ಮನೆಗೆ ಸಾಗಿಸಿದಳು. ಈಗ ಅವಳ ಕಿರಿಯ ಮಗಳು ನಮ್ಮ ಶಾಲೆಯಲ್ಲೇ ಓದುತ್ತಿರುವಳು.

ತಾಯ್ತಂದೆಗಳೇ, ಹದಿನೆಂಟು ದಿನ ಮೂರು ಹೊತ್ತೂ ತಪ್ಪದೆ ಕೈಯಾಡಿಸಬೇಕು. ಕೊನೆಯ ಮೂರು ದಿನ ಕೈ ಹಿಂದೆಗೆದುಕೊಂಡು ಕಾವನ್ನು ಮಾತ್ರ ಕಾಯಬೇಕು. ಮೊದಲಿನದನ್ನು ನಾವು ಬೇಗ ಕಲಿತೆವು. ಎರಡನೆಯದಕ್ಕೆ ಒಂದು ಮರಿಯ ಜೀವ ತೆರಬೇಕಾಯಿತು. ಅಂದಿನಿಂದ ತರಗತಿಯಲ್ಲಿ ಒಬ್ಬ ಹುಡುಗಿ ಉತ್ತರಕ್ಕಾಗಿ ತಡವರಿಸಿ ಸುಮ್ಮನೆ ನಿಂತಾಗ, ನಾವು ಬಾಯಿ ಹಾಕದೆ ಸ್ವಲ್ಪ ಹೊತ್ತು ಕಾಯುತ್ತಿರುವೆವು. ಉತ್ತರವು ಬಹಳ ಸಲ ತಾನಾಗಿಯೇ ಬರುವುದು.